182 ಬೈ 53

ಕಡೂರಿನಿಂದ ಬೀರೂರು ದಾಟಿ ತರೀಕೆರೆ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 69ರ ಪಕ್ಕ ಸಂಜೆ ಹೊತ್ತು ಒಂದು ಟೀ ಕುಡಿಯುವಷ್ಟು ಕಾಲ ನಿಲ್ಲಿ. ಅಡಿಕೆ ಚೀಲದ ಪಿಕಪ್ ಒಂದು ಹಾಡು ಉದುರಿಸಿಕೊಂಡು ಹೋಗುತ್ತದೆ, ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಇನ್ನೊಂದು, ಅಜ್ಜಂಪುರದ ಈರುಳ್ಳಿ ಹೇರಿಕೊಂಡ ಲಾರಿ ಮತ್ತೊಂದು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಈಗ ಬ್ಲೂಟೂತ್. ಹಾಗಿದ್ದೂ ನಮ್ಮ ಕಡೆ ಅದರ ಹೆಸರು ‘ಟೇಪು’. ರೀಲೇ ಇಲ್ಲದ ಟೇಪು.

ಹಾಡಿನ ರುಚಿಯ ಬಗ್ಗೆ ಜಗಳವಾಡುವವರು ಬೇಕಾದಷ್ಟಿದ್ದಾರೆ. ಹಾಡು ಹೊರಗೆ ಬರುವ ಆ ಕಿಂಡಿಯನ್ನು ಕೊರೆದವರ ಬಗ್ಗೆ ಯಾರೂ ಮಾತಾಡಿದ್ದು ಕೇಳಿಲ್ಲ. ಸೀಟ್ ಕವರ್, ಮ್ಯಾಟ್, ಹಾರ್ನ್ ಮಾರುವ ಅಂಗಡಿಯ ಮುಂದೆ ಗಾಡಿಯ ಬಾಗಿಲು ತೆರೆದಿಟ್ಟು, ತಲೆಕೆಳಗಾಗಿ ಸ್ಟೀರಿಂಗಿನಡಿ ನುಸುಳಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಿರುವ ಹುಡುಗನನ್ನು ನೀವು ನೋಡಿರುತ್ತೀರಿ. ಕಾಲು ಮಾತ್ರ ಕಾಣುತ್ತಿರುತ್ತದೆ. ಈ ಲೇಖನ ಆ ಹುಡುಗನ ಕಸುಬಿನದ್ದು.

ಟೇಪು ‘ಹಾಕುವುದು’ ಬೇರೆ, ‘ಕೂರಿಸುವುದು’ ಬೇರೆ. ನಾಲ್ಕು ತಂತಿ ಸುತ್ತಿ, ಸದ್ದು ಬರಿಸಿ, ಎರಡು ಸ್ಕ್ರೂ ಬಿಗಿದರೆ ಹಾಕಿದಂತಾಯಿತು. ಗಾಡಿ ಕಾರ್ಖಾನೆಯಿಂದ ಬರುವಾಗಲೇ ಅದು ಅಲ್ಲಿತ್ತೇನೋ ಎನ್ನುವ ಹಾಗೆ, ಸುತ್ತ ಒಂದು ಕೂದಲು ತೂರದಂತೆ ನಿಂತರೆ ಕೂರಿಸಿದಂತೆ. ಹಾಕುವವರು ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಕೂರಿಸುವವರನ್ನು ಹುಡುಕಿಕೊಂಡು ಜನ ಅಜ್ಜಂಪುರದಿಂದ ಕಡೂರಿಗೂ ಹೋಗುತ್ತಾರೆ.

ಈ ಕಸುಬಿಗೆ ಒಂದು ಮೂಲಮಂತ್ರವಿದ್ದರೆ ಅದು ಎರಡು ಅಂಕಿ: 182 ಮತ್ತು 53. ಒಂಟಿ ಡೆಕ್, ಅಂದರೆ ಟೇಪಿನ ಪೆಟ್ಟಿಗೆ, ಕೂರುವ ಕಿಂಡಿಯ ಅಗಲ, ಎತ್ತರ, ಮಿಲಿಮೀಟರಿನಲ್ಲಿ. ಜರ್ಮನಿಯ ಮಾನಕ ಸಂಸ್ಥೆ ‘ಡಿನ್’ ಗೊತ್ತುಮಾಡಿದ ಅಳತೆಯಿದು; ಆಮೇಲೆ ಐಎಸ್‌ಒ 7736 ಎಂಬ ಹೆಸರಿನಲ್ಲಿ ಜಗತ್ತಿನ ಅಳತೆಯಾಯಿತು. ಅಂಗಡಿಯವರು ‘ಸಿಂಗಲ್ ಡಿನ್’, ‘ಡಬಲ್ ಡಿನ್’ ಎನ್ನುತ್ತಾರಲ್ಲ, ಆ ‘ಡಿನ್’ ಇದೇ. ಡಬಲ್ ಎಂದರೆ ಅಗಲ ಅಷ್ಟೇ, ಎತ್ತರ ಸುಮಾರು ಎರಡರಷ್ಟು. ವಾಹನದಲ್ಲಿ ರೇಡಿಯೊ ಎಂಬ ಗೀಳು ಇದಕ್ಕಿಂತ ಬಹಳ ಹಳೆಯದು. ಅಮೆರಿಕದ ಗ್ಯಾಲ್ವಿನ್ ಸೋದರರ ಕಂಪನಿ 1930ರಲ್ಲಿ ಕಾರಿನ ರೇಡಿಯೊ ಮಾರಲು ಹೊರಟಾಗ ಅದಕ್ಕಿಟ್ಟ ಹೆಸರು ಮೊಟೊರೊಲಾ. 1932ರಲ್ಲಿ ಬ್ಲೌಪುಂಕ್ಟ್ ಯುರೋಪಿನ ಮೊದಲ ಕಾರು ರೇಡಿಯೊ ತಂದಿತು. ಆ ಕಾಲದ ರೇಡಿಯೊ ಒಂದು ಟ್ರಂಕಿನಷ್ಟು ಜಾಗ ತಿನ್ನುತ್ತಿತ್ತು. ಕಿಂಡಿಯ ಅಳತೆ ಒಂದೇ ಆದ ಮೇಲೆಯೇ ಯಾವ ಕಂಪನಿಯ ಡೆಕ್ಕನ್ನಾದರೂ ಯಾವ ಗಾಡಿಗಾದರೂ ತಳ್ಳಿ ಕೂರಿಸುವುದು ಸಲೀಸಾದದ್ದು.

ಬಹುಪಾಲು ಕಾರುಗಳಿಗೆ ಆ ಕಿಂಡಿ ಮೊದಲೇ ಇರುತ್ತದೆ, ಮುಚ್ಚಳ ಕಿತ್ತರಾಯಿತು. ಕಡೂರು, ತರೀಕೆರೆ, ಅಜ್ಜಂಪುರ, ನಮ್ಮ ಈ ಮೂರು ತಾಲ್ಲೂಕುಗಳ ನಿಜವಾದ ಪರೀಕ್ಷೆ ಟ್ರ್ಯಾಕ್ಟರಿನದ್ದು. ಅದರಲ್ಲಿ ಕಿಂಡಿಯಿಲ್ಲ, ಕಿಂಡಿಗೆ ಜಾಗವೂ ಇಲ್ಲ. ಮೀಟರು, ಕೀಲಿ, ಲೈಟಿನ ಸ್ವಿಚ್ಚು ಕೂತ ಮೇಲೆ ಅಂಗೈಯಗಲ ತಗಡು ಉಳಿದರೆ ಪುಣ್ಯ. ಹಾಗಾಗಿ ಡೆಕ್ ಕೆಲವು ಗಾಡಿಗಳಲ್ಲಿ ಹುಡ್ಡಿನ ಮುಂಬದಿಗೆ ಏರುತ್ತದೆ, ಕೆಲವದರಲ್ಲಿ ಮಡ್‌ಗಾರ್ಡ್ ಮೇಲಿನ ಪೆಟ್ಟಿಗೆಗೆ ಇಳಿಯುತ್ತದೆ.

ಹೊರದೇಶಗಳಲ್ಲಿ ಇಂಥದ್ದೇ ಕಷ್ಟಕ್ಕೆ ಹೆಸರಾದದ್ದು ದೋಣಿಗೆ ಟೇಪು ಕೂರಿಸುವ ಕೆಲಸ. ಮೇಲೆ ಬಿಸಿಲು, ಕೆಳಗೆ ನೀರು, ಸುತ್ತ ಗಾಳಿ, ನಡುವೆ ಬಿಡುವಿಲ್ಲದ ಕುಲುಕಾಟ. ದೋಣಿಯ ಟೇಪಿಗೆ ತವರ ಲೇಪಿಸಿದ ತಾಮ್ರದ ತಂತಿ, ಸ್ಟೇನ್‌ಲೆಸ್ ಸ್ಕ್ರೂ, ಅಂಚಿಗೆ ರಬ್ಬರ್ ಗ್ಯಾಸ್ಕೆಟ್, ಬಿಸಿಲಿಗೆ ಬಿರುಕು ಬಿಡದ ಪ್ಲಾಸ್ಟಿಕ್ ಬೇಕು. ಯೋಚಿಸಿ ನೋಡಿದರೆ ಬಾಗಿಲು ಗಾಜುಗಳಿಲ್ಲದ ಟ್ರ್ಯಾಕ್ಟರ್ ಬಯಲುಸೀಮೆಯ ದೋಣಿಯೇ. ಕಡೂರಿನ ಧೂಳು, ತರೀಕೆರೆಯ ಮಳೆ, ಅಜ್ಜಂಪುರದ ಎರೆಹೊಲದ ದಾರಿಯ ಕುಲುಕು, ಮೂರನ್ನೂ ಒಂದೇ ಡೆಕ್ ತಡೆಯಬೇಕು. ನಿಜವಾದ ದೋಣಿಯೂ ನಮ್ಮಲ್ಲಿಲ್ಲವೆಂದಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ಮೇಲೆ ಪ್ರವಾಸಿಗರ ದೋಣಿಗಳು ಓಡುತ್ತವೆ. ಆದರೆ ಅದು ಹುಲಿ ಮೀಸಲು ಕಾಡಿನ ಅಂಚು. ಬೇಸಿಗೆಯಲ್ಲಿ ನೀರಿಳಿದು ತಲೆಯೆತ್ತುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಅಲ್ಲಿ ಟೇಪು ಹಾಕುವುದೂ ಬೇಡ, ಕೂರಿಸುವುದೂ ಬೇಡ.

ಇನ್ನು ಕೊರೆಯುವ ಕೆಲಸ. ಅನುಭವಿ ಕೈ ಮೊದಲು ಮುಟ್ಟುವುದು ಡ್ಯಾಶ್‌ಬೋರ್ಡಿನ ಹಿಂಭಾಗವನ್ನು. ಮುಂದೆ ಜಾಗವಿದ್ದರೂ ಹಿಂದೆ ಡೀಸೆಲ್ ಪೈಪು, ಸ್ಟೀರಿಂಗಿನ ಕಂಬ, ತಂತಿಯ ಕಟ್ಟು ಇದ್ದರೆ ಬ್ಲೇಡು ನೇರ ಅಲ್ಲಿಗೇ ಹೋಗುತ್ತದೆ. ಆಮೇಲೆ ರಟ್ಟಿನಲ್ಲಿ 182 ಬೈ 53ರ ಅಚ್ಚು ಕತ್ತರಿಸಿ, ಗಾಡಿಯ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಬೇಕು. ಗೀಟು ಪಟ್ಟಿಯ ಲೆಕ್ಕದಲ್ಲಿ ನೇರವಾಗಿದ್ದದ್ದು ಕಣ್ಣಿಗೆ ಓರೆ ಕಾಣುವುದುಂಟು. ಡ್ಯಾಶ್‌ಬೋರ್ಡೇ ಓರೆಯಿದ್ದರೆ ಕಿಂಡಿ ಕಣ್ಣನ್ನು ನಂಬಬೇಕು, ಪಟ್ಟಿಯನ್ನಲ್ಲ. ಗೆರೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿದರೆ ಗೀರು ಬೀಳುವುದಿಲ್ಲ. ನಾಲ್ಕು ಮೂಲೆಗೆ ಸಣ್ಣ ತೂತು. ಒಂದರಿಂದ ಇನ್ನೊಂದಕ್ಕೆ, ಗೆರೆಯ ಒಳಗೇ, ಒಂದು ಮಿಲಿಮೀಟರ್ ಉಳಿಸಿಕೊಂಡು ಜಿಗ್‌ಸಾ. ಅದಿಲ್ಲದಿದ್ದರೆ ಬಟ್ಟೆ ಸುತ್ತಿದ ಹ್ಯಾಕ್ಸಾ ಬ್ಲೇಡೇ ಗತಿ. ಉಳಿಸಿದ ಆ ಒಂದು ಮಿಲಿಮೀಟರನ್ನು ಅರದಿಂದ ಉಜ್ಜಿ, ಡೆಕ್ಕಿನ ತಗಡಿನ ಚೌಕಟ್ಟು ಹಿಡಿದು ನೋಡಿ, ಮತ್ತೆ ಉಜ್ಜಿ, ಮತ್ತೆ ಹಿಡಿದು ನೋಡಿ... ಕೂರಿಸುವವನಿಗೂ ಹಾಕುವವನಿಗೂ ಇರುವ ಅಂತರ ಪೂರಾ ಈ ಅರದಲ್ಲಿದೆ. ಗಿರಾಕಿ ಗಡಿಯಾರ ನೋಡತೊಡಗುವುದೂ ಇಲ್ಲೇ.

ಚೌಕಟ್ಟು ಒಳಗೆ ಹೋದ ಮೇಲೆ ಅದರ ನಾಲಗೆಗಳನ್ನು ಸ್ಕ್ರೂಡ್ರೈವರಿನಿಂದ ಬಗ್ಗಿಸಿ ತಗಡಿಗೆ ಕಚ್ಚಿಸಬೇಕು. ಬಗ್ಗಿಸುವ ಮೊದಲೇ ನಾಲ್ಕೂ ಸ್ಪೀಕರ್ ಹಾಡಿಸಿ ನೋಡುವವನು ಜಾಣ. ಡೆಕ್ಕಿನ ಬೆನ್ನಿಗೆ ಒಂದು ಬೋಲ್ಟು ಇರುತ್ತದೆ. ತೂತಿನ ತಗಡು ಪಟ್ಟಿಯೊಂದರಿಂದ ಅದನ್ನು ಗಾಡಿಯ ಮೈಗೆ ಕಟ್ಟುವುದು ಕ್ರಮ. ಹೊರಗೆ ಕಾಣುವುದಿಲ್ಲವಾದ್ದರಿಂದ ಹತ್ತರಲ್ಲಿ ಎಂಟು ಕಡೆ ಇದನ್ನು ಬಿಡುತ್ತಾರೆ ಎಂಬುದು ನನ್ನ ಗುಮಾನಿ. ಪಟ್ಟಿಯಿಲ್ಲದ ಡೆಕ್ ಮೂಗಿನ ಮೇಲೆ ನಿಂತ ಹಾಗೆ: ಹೊಲದ ಬದು ಹತ್ತಿಳಿದಂತೆಲ್ಲ ಹಿಂಭಾಗ ಕುಣಿದು, ಕಿಂಡಿಯನ್ನು ತಾನೇ ಅಗಲ ಮಾಡಿಕೊಳ್ಳುತ್ತದೆ.

ತಂತಿಯದು ಬಣ್ಣದ ಭಾಷೆ. ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಅರ್ಥಿಂಗಿಗೆ. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆಯಿದ್ದದ್ದು ಆಯಾ ಬಣ್ಣದ ಮೈನಸ್. ಅವಸರದವರು ಹಳದಿ ಕೆಂಪು ಎರಡನ್ನೂ ಹೆಣೆದು ಬ್ಯಾಟರಿಗೆ ಕೊಡುತ್ತಾರೆ. ಬೆಳಿಗ್ಗೆ ಹೊಲಕ್ಕೆ ಹೊರಟರೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗುವುದಿಲ್ಲ, ಬೈಗುಳ ಬ್ಯಾಟರಿ ಮಾರಿದವನಿಗೆ. ಎರಡನ್ನೂ ಕೀಲಿಗೆ ಕೊಟ್ಟರೆ ಕೀಲಿ ತೆಗೆದಾಗಲೆಲ್ಲ ಟೇಪು ಗಡಿಯಾರವನ್ನೂ ಸ್ಟೇಷನ್ನನ್ನೂ ಮರೆಯುತ್ತದೆ. ಲಾರಿಯಲ್ಲಿ ಇನ್ನೊಂದು ತಾಪತ್ರಯ. ಅದು 24 ವೋಲ್ಟ್, ಡೆಕ್ 12. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆಯುವುದು ಸುಲಭದ ದಾರಿ. ಒಂದು ಸೊರಗಿ, ಇನ್ನೊಂದು ಅತಿಯಾಗಿ ಕುಡಿದು, ಕೊನೆಗೆ ಎರಡೂ ಸಾಯುತ್ತವೆ. ಕನ್ವರ್ಟರ್ ಹಾಕಲೇಬೇಕು. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು, ತಗಡಿನ ತೂತಿನಲ್ಲಿ ತಂತಿ ನುಸುಳುವಲ್ಲಿ ರಬ್ಬರ್ ಬಳೆ ಇರಬೇಕು. ಟ್ರ್ಯಾಕ್ಟರಿನಲ್ಲಾದರೆ ತಂತಿ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಿ ಡೆಕ್ಕನ್ನು ಮುಟ್ಟಬೇಕು. ಮಳೆಹನಿ ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಎಂಜಿನ್ ಏರಿಸಿದಂತೆಲ್ಲ ಸ್ಪೀಕರಿನಲ್ಲಿ ಸೊಳ್ಳೆಯಂತೆ ಒಂದು ‘ಕುಂಯ್’ ಏರುವುದನ್ನು ಕೇಳಿದ್ದೀರಾ? ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಅದು ಕಿಡಿಯ ಸದ್ದಲ್ಲ, ಆಲ್ಟರ್‌ನೇಟರಿನದು. ಬಹುಪಾಲು ಸಲ ಮದ್ದು ಸರಳ: ಕಪ್ಪು ತಂತಿ ಬಿಗಿದ ಕಡೆ ಪೇಂಟು ಕೆರೆದು ಹೊಳೆಯುವ ತಗಡಿಗೆ ಬಿಗಿಯುವುದು.

ಈ ಸೀಮೆಗೆ ದಾರಿಯ ಸಂಗೀತ ಹೊಸದಲ್ಲ; ಟೇಪಿಗಿಂತ ಮೊದಲು ಅದು ಎತ್ತಿನ ಕೊರಳ ಗಂಟೆಯದು. ಅಜ್ಜಂಪುರದಲ್ಲಿ ಇವತ್ತಿಗೂ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಒಡೆಯರ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದವು. ಅಂತರಘಟ್ಟೆಯ ಜಾತ್ರೆಗೆ ಪಾನಕದ ಬಂಡಿ ಕಟ್ಟಿಕೊಂಡು ಹೊರಟವರು ಎತ್ತಿನ ಕೊರಳಿಗೆ ಗಂಟೆ ಕಟ್ಟುವಾಗ ಯಾವ ಗಂಟೆಗೆ ಯಾವ ನಾದ ಎಂದು ತೂಗಿ ನೋಡುತ್ತಿದ್ದರು. ಆಮೇಲೆ ರೇಡಿಯೊ ಬಂತು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ನಮ್ಮ ಮೂರೂ ಊರಿಗೆ ಮನೆಯ ದನಿ. ಹಳೆಯ ಡೆಕ್ಕುಗಳಲ್ಲಿ ಮೀಡಿಯಂ ವೇವ್ ಇತ್ತು. ಈಗಿನ ಅಗ್ಗದವುಗಳಲ್ಲಿ ಬರೀ ಎಫ್‌ಎಂ. ಆ ದನಿ ಗಾಡಿಯಿಂದ ಇಳಿದು ಹೋದದ್ದು ನನಗೆ ಬೇಸರದ ಸಂಗತಿಯೇ.

ಅಬ್ಬರದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಹುಡುಗರು ಸಿಟ್ಟಾದರೂ ಚಿಂತೆಯಿಲ್ಲ. ಟ್ರ್ಯಾಕ್ಟರ್ ಎಂಜಿನ್ನೇ ಚಾಲಕನ ಕಿವಿಯ ಬಳಿ 85 ಡೆಸಿಬಲ್ ದಾಟುವುದು ಸಾಮಾನ್ಯ. ಅದನ್ನೂ ಮೀರಿ ಹಾಡು ಕೇಳಬೇಕೆಂದರೆ ಹಿಂದಿನ ಬಸ್ಸಿನ ಹಾರ್ನೂ ಕೇಳುವುದಿಲ್ಲ, ಟ್ರೈಲರಿನ ಹಿಂದೆ ಓಡಿ ಬರುವ ಮಗುವಿನ ಕೂಗೂ ಕೇಳುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹುಡ್ಡಿನ ಹಿಂದೆ ನಾಲ್ಕು ವೂಫರ್ ನೇತುಹಾಕುವುದು ಬೇರೆಯೇ ಶೋಕಿ. ಕೂರಿಸುವ ಕಸುಬಿಗೆ ಅದನ್ನು ತಳಕು ಹಾಕಬೇಡಿ.

ನನ್ನ ಹಳೆಯ ಕಾರಿನದ್ದೊಂದು ಕತೆಯಿದೆ. ಯಾವುದೋ ಪೇಟೆಯಲ್ಲಿ, ಯಾರೋ ಒಬ್ಬರು, ಅರ್ಧ ಗಂಟೆಯಲ್ಲಿ ಟೇಪು ಹಾಕಿಕೊಟ್ಟರು. ಕಿಂಡಿ ಒಂದು ಕಡೆ ಬೆರಳಗಲ ಹೆಚ್ಚಾಗಿತ್ತು. ಎಂ-ಸೀಲ್ ಮೆತ್ತಿ, ಮೇಲೆ ಕಪ್ಪು ಪೇಂಟು ಹೊಡೆದರು. ಮೊದಲ ಬೇಸಿಗೆಗೇ ಬಿರುಕು ಬಿಟ್ಟು ತುಂಡು ತುಂಡಾಗಿ ಕಾಲಮೇಲೆ ಬಿತ್ತು. ತರೀಕೆರೆಯಲ್ಲಿ ಅದನ್ನು ಸರಿಮಾಡಿದಾತ ಬೈಯಲಿಲ್ಲ, ನಗಲೂ ಇಲ್ಲ. ಹಳೆಯ ಪ್ಲಾಸ್ಟಿಕ್ ಹಲಗೆಯೊಂದನ್ನು ಕತ್ತರಿಸಿ, ಡ್ಯಾಶ್‌ಬೋರ್ಡಿನದ್ದೇ ಗೆರೆ ಬರುವಂತೆ ಉಜ್ಜಿ, ಹಿಂದಿನಿಂದ ಒತ್ತು ಕೊಟ್ಟು, ಅಂಚಿಗೆ ತೆಳು ರಬ್ಬರ್ ಬೀಡಿಂಗ್ ಓಡಿಸಿದ. ಮೂರು ಗಂಟೆ ಹಿಡಿಯಿತು. ಕೇಳಿದ ಕೂಲಿ ಮೊದಲನೆಯವರಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ಈಗಿನ ಬಹಳಷ್ಟು ಕಾರುಗಳು ಕಾರ್ಖಾನೆಯಿಂದಲೇ ಟಚ್ ಸ್ಕ್ರೀನ್ ಹೊತ್ತು ಬರುತ್ತವೆ, ಅದರೊಳಗೇ ಎ.ಸಿ., ಹಿಂಬದಿಯ ಕ್ಯಾಮೆರಾ ಎಲ್ಲ ಹೆಣೆದುಕೊಂಡಿರುವುದರಿಂದ ಕಿತ್ತು ಬೇರೆ ಕೂರಿಸುವ ಮಾತೇ ಇಲ್ಲ. ಕಾರಿನ ಕೆಲಸ ಕರಗುತ್ತಿದೆ. ಟ್ರ್ಯಾಕ್ಟರು, ಗೂಡ್ಸ್ ಆಟೊ, ಹಳೆಯ ಜೀಪು ಇರುವವರೆಗೆ ಅರಕ್ಕೆ ಕೆಲಸವುಂಟು. ನಿಮ್ಮ ಗಾಡಿಗೆ ಟೇಪು ಕೂರಿಸುವುದಿದ್ದರೆ ಬೆಳಿಗ್ಗೆಯೇ ಬಿಟ್ಟುಬನ್ನಿ, ಪಕ್ಕದಲ್ಲಿ ನಿಂತು ಅವಸರ ಮಾಡಬೇಡಿ. ದುಡ್ಡು ಕೊಡುವ ಮುನ್ನ ಮಾತ್ರ ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಡೆಕ್ಕನ್ನು ಒಮ್ಮೆ ಅಲ್ಲಾಡಿಸಿ. ಅಲುಗಿದರೆ ಬೆನ್ನಿನ ಪಟ್ಟಿ ಕಟ್ಟಿಲ್ಲ, ಕಟ್ಟಿಸಿಕೊಂಡೇ ಹೊರಡಿ.