ಪಡೆದುದನ್ನು ಹಿಂದಿರುಗಿಸುವ ಬಗೆ

ಕಂಪ್ಯೂಟರಿನ ಸಕಲ ವ್ಯವಹಾರಗಳಿಗೂ ಆಧಾರವಾಗಿ, ಕಣ್ಣಿಗೆ ಬೀಳದೆ ನಡೆಯುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅಂಥದೊಂದು. ಕೀಲಿಮಣೆ, ಡಿಸ್ಕು, ಕ್ಯಾಮೆರಾ ಮೊದಲಾದ ಸಾಧನಗಳೊಡನೆ ಕರ್ನಲ್ ವ್ಯವಹರಿಸುವುದು ಡ್ರೈವರ್ ಎಂಬ ಮಧ್ಯವರ್ತಿಯ ಮೂಲಕ.

ಸಾಧನವೊಂದು ಸೇರಿದೊಡನೆ ಅದರ ಡ್ರೈವರು ಮೊದಲು ಮೆಮೊರಿಯಲ್ಲಿ ಸ್ಥಳ ಪಡೆಯುತ್ತದೆ. ಬಳಿಕ ವಿದ್ಯುತ್ತನ್ನು ಹರಿಸುತ್ತದೆ. ಕೊನೆಗೆ ತನ್ನನ್ನು ನೋಂದಾಯಿಸಿಕೊಳ್ಳುತ್ತದೆ. ನಡುವೆ ಎಲ್ಲಾದರೂ ಎಡವಿದರೆ, ಅದುವರೆಗೆ ಪಡೆದುದೆಲ್ಲವನ್ನೂ ವಿಲೋಮಕ್ರಮದಲ್ಲಿ ಹಿಂದಿರುಗಿಸಬೇಕು. ಒಂದನ್ನು ಮರೆತರೂ ಅದು ಇನ್ನಾರಿಗೂ ದಕ್ಕದೆ ವ್ಯರ್ಥವಾಗಿ ಉಳಿಯುತ್ತದೆ. ಚಕ್ರವ್ಯೂಹವನ್ನು ಹೊಗಬಲ್ಲ, ಹೊರಬರಲರಿಯದ ಅಭಿಮನ್ಯುವಿನ ಸ್ಥಿತಿ ಅದು. ಡೈಕ್‌ಸ್ಟ್ರ 1968ರಲ್ಲಿ ಖಂಡಿಸಿದ ‘ಗೋಟು’ ಆಜ್ಞೆಗೆ ಲಿನಕ್ಸಿನಲ್ಲಿ ಇಂದಿಗೂ ಮನ್ನಣೆಯಿರುವುದು ಮುಖ್ಯವಾಗಿ ಈ ಹಿಮ್ಮೆಟ್ಟುವ ದಾರಿಗಾಗಿಯೇ.

ಒಂದೇ ವಸ್ತುವನ್ನು ಹಲವರು ಬಳಸುವಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ಎಣಿಕೆಯೊಂದನ್ನು ಇಟ್ಟಿರುತ್ತಾರೆ. ಹಿಡಿದವನು ಒಂದು ಕೂಡಿಸಬೇಕು, ಬಿಟ್ಟವನು ಒಂದು ಕಳೆಯಬೇಕು. ಸೊನ್ನೆಯಾದಾಗ ವಸ್ತು ವಿಸರ್ಜನೆಯಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸಾಧನದ ನೋಂದಣಿ ವಿಫಲವಾದರೂ ಎಣಿಕೆಯಲ್ಲಿ ಒಂದು ಉಳಿದೇ ಇರುತ್ತದೆ. ಆದ್ದರಿಂದ ಮೆಮೊರಿಯನ್ನು ನೇರವಾಗಿ ಬಿಟ್ಟುಕೊಡದೆ, ಎಣಿಕೆಯನ್ನು ಇಳಿಸುವ ಮೂಲಕವೇ ಬಿಡಬೇಕು.

ಇಷ್ಟು ಸಣ್ಣ ಲೆಕ್ಕಕ್ಕೆ ಇಷ್ಟೇಕೆ ಚಿಂತೆ ಎನ್ನಬಹುದು. 2016ರ ಜನವರಿಯಲ್ಲಿ ಪ್ರಕಟವಾದ ದೋಷವೊಂದು ಅದಕ್ಕೆ ಉತ್ತರ. ಅದು ಡ್ರೈವರಿನದಲ್ಲ, ಗುಪ್ತಕೀಲಿಗಳನ್ನು ಕಾಯುವ ವಿಭಾಗದ್ದು. ಆದರೆ ತಪ್ಪಿನ ಜಾತಿ ಇದೇ. ಪ್ರೋಗ್ರಾಮೊಂದು ತನ್ನಲ್ಲಿ ಆಗಲೇ ಇದ್ದ ಕೀಲಿಗೊಂಚಲನ್ನೇ ಮತ್ತೆ ಬೇಡಿದರೆ ಎಣಿಕೆ ಏರುತ್ತಿತ್ತು, ಇಳಿಯುತ್ತಿರಲಿಲ್ಲ. 32 ಬಿಟ್‌ಗಳ ಆ ಎಣಿಕೆ ಸುಮಾರು 429 ಕೋಟಿ ಸಲ ಏರಿದ ಮೇಲೆ ಸುತ್ತಿಬಂದು ಸೊನ್ನೆಯಾಗುತ್ತಿತ್ತು. ಬಳಕೆಯಲ್ಲಿದ್ದ ವಸ್ತುವನ್ನೇ ಕರ್ನಲ್ ವಿಸರ್ಜಿಸುತ್ತಿತ್ತು. ತೆರವಾದ ಸ್ಥಳವನ್ನು ಆಕ್ರಮಿಸಿ, ಸಾಮಾನ್ಯ ಬಳಕೆದಾರನು ಯಂತ್ರದ ಸರ್ವಾಧಿಕಾರವನ್ನು ಪಡೆಯಬಹುದಾಗಿತ್ತು. 2013ರಲ್ಲಿ ಹೊರಬಂದ ಆವೃತ್ತಿಯಿಂದಲೂ ಅಡಗಿದ್ದ ಈ ದೋಷವನ್ನು ನೀಗಲು ಬೇಕಾದುದು, ಎಣಿಕೆಯನ್ನು ಇಳಿಸುವ ಒಂದು ಸಾಲು ಮಾತ್ರ.

2017ರಲ್ಲಿ, ತುದಿ ಮುಟ್ಟಿದರೆ ಸುತ್ತಿಬರದೆ ಅಲ್ಲಿಯೇ ನಿಲ್ಲುವ ಎಣಿಕೆಯನ್ನು ಕರ್ನಲಿಗೆ ಸೇರಿಸಿದರು. ಡ್ರೈವರು ಪಡೆದುದನ್ನು ತಾನಾಗಿ ಹಿಂದಿರುಗಿಸುವ ಏರ್ಪಾಡು 2007ರಿಂದಲೇ ಇದೆ. ಆದರೂ ಪರಿಶೀಲಕನ ಕಣ್ಣಿನ ಕೆಲಸ ಮುಗಿದಿಲ್ಲ. ಯಶಸ್ಸಿನ ದಾರಿಯಲ್ಲಿ ಯಂತ್ರ ದಿನವೂ ನಡೆಯುವುದರಿಂದ ಅಲ್ಲಿಯ ತಪ್ಪು ಬೇಗ ಬಯಲಾಗುತ್ತದೆ. ಸೋಲಿನ ದಾರಿಯಲ್ಲಿ ಅದು ನಡೆಯುವುದು ಅಪರೂಪ. ಆ ದಾರಿಯನ್ನು ಮನುಷ್ಯನೇ ಸಾಲುಸಾಲಾಗಿ, ಪ್ರತಿಯೊಂದು ನಿರ್ಗಮನದಲ್ಲೂ ನಿಂತು, ‘ಇಲ್ಲಿಯವರೆಗೆ ಪಡೆದುದೇನು, ಬಿಟ್ಟುದೇನು’ ಎಂದು ಕೇಳುತ್ತ ಓದಬೇಕಾಗುತ್ತದೆ.