ಹಾರಾಟ ನಿಂತ ಮೇಲೆ ಶುರುವಾಗುವ ಕೆಲಸ

2007ರ ಅಕ್ಟೋಬರ್ 18ರಂದು ಇಂಗ್ಲೆಂಡಿನ ಲೀಸ್ಟರ್‌ಶೈರ್‌ನಲ್ಲಿರುವ ಬ್ರಂಟಿಂಗ್‌ಥಾರ್ಪ್ ವಾಯುನೆಲೆಯಿಂದ ಒಂದು ಆವ್ರೋ ವಲ್ಕನ್ ಬಾಂಬರ್ ಮೇಲೇರಿತು. ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತು ಹಾರಿ, ಸುರಕ್ಷಿತವಾಗಿ ಇಳಿಯಿತು. ಹಾರಾಟ ಚಿಕ್ಕದೇ. ಆದರೆ ಎಕ್ಸ್‌ಎಚ್558 ಎಂಬ ಗುರುತಿನ ಆ ವಿಮಾನ 1993ರ ಮಾರ್ಚ್‌ನಿಂದ ಒಮ್ಮೆಯೂ ನೆಲ ಬಿಟ್ಟು ಎದ್ದಿರಲಿಲ್ಲ. ನಾಲ್ಕು ಜೆಟ್ ಎಂಜಿನ್‌ಗಳ, ಅಷ್ಟು ದೊಡ್ಡ ಗಾತ್ರದ ಒಂದು ಯುದ್ಧವಿಮಾನವನ್ನು ಸರ್ಕಾರದ ಸೇನೆಯಲ್ಲ, ಜನರ ದೇಣಿಗೆಯಿಂದ ನಡೆಯುವ ಒಂದು ಟ್ರಸ್ಟ್ ಮತ್ತೆ ಹಾರಿಸಿತ್ತು.

ವಲ್ಕನ್ ಶೀತಲ ಸಮರದ ಕೂಸು. ಸೋವಿಯತ್ ಒಕ್ಕೂಟದ ಮೇಲೆ ಅಣುಬಾಂಬ್ ಹಾಕುವ ಸಾಮರ್ಥ್ಯ ತನಗೂ ಇರಲೆಂದು ಬ್ರಿಟನ್ ಕಟ್ಟಿಸಿದ ತ್ರಿಕೋನ ರೆಕ್ಕೆಯ ಬಾಂಬರ್ ಇದು. ಮಾದರಿಗಳೂ ಸೇರಿ ಒಟ್ಟು 136 ತಯಾರಾದವು. ಅದೃಷ್ಟವಶಾತ್ ಅಣುಬಾಂಬ್ ಹಾಕುವ ಸಂದರ್ಭ ಬರಲೇ ಇಲ್ಲ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಮಾತ್ರ ಇದರ ಬಳಗದ ಕೆಲವು ವಿಮಾನಗಳು ಸಾಮಾನ್ಯ ಬಾಂಬುಗಳನ್ನು ಹೊತ್ತು, ದಾರಿಯುದ್ದಕ್ಕೂ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುತ್ತ ದಕ್ಷಿಣ ಅಟ್ಲಾಂಟಿಕ್ ದಾಟಿದವು. 1960ರಲ್ಲಿ ಮೊದಲು ಹಾರಿದ ಎಕ್ಸ್‌ಎಚ್558 ತನ್ನ ಕೊನೆಯ ವರ್ಷಗಳಲ್ಲಿ ವೈಮಾನಿಕ ಪ್ರದರ್ಶನಗಳ ಆಕರ್ಷಣೆಯಾಗಿ ಉಳಿದಿತ್ತು. 1993ರಲ್ಲಿ ಸೇನೆ ಅದನ್ನು ಮಾರಿದಾಗ ಕೊಂಡವರು ಒಂದು ಖಾಸಗಿ ಕುಟುಂಬದವರು.

ಆ ಖರೀದಿಯ ಜೊತೆಗೆ ರಾಶಿ ರಾಶಿ ಬಿಡಿಭಾಗಗಳೂ ಬಂದವು. ಅವುಗಳಲ್ಲಿ ಬಹು ಬೆಲೆಬಾಳುವವು ಎಂಟು ಒಲಿಂಪಸ್ ಎಂಜಿನ್‌ಗಳು. ಒಂದು ಗಂಟೆಯೂ ಓಡದ, ಗಾಳಿ ನುಸುಳದಂತೆ ಮುಚ್ಚಿ ಕಾಪಾಡಿದ್ದ ಎಂಜಿನ್‌ಗಳವು. ಆ ಎಂಟು ಎಂಜಿನ್ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಆ ಮಾದರಿಯ ಹೊಸ ಎಂಜಿನ್ ಮಾಡುವ ಕಾರ್ಖಾನೆ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ.

ಅನುಮತಿ ಎಂಬ ಬಿಡಿಭಾಗ

ಹಳೆಯ ಜೆಟ್ ಹಾರಬೇಕಾದರೆ ಎಂಜಿನ್, ಇಂಧನ, ಪೈಲಟ್ ಇದ್ದರೆ ಸಾಲದು, ಕಾಗದಪತ್ರ ಬೇಕು. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ವಲ್ಕನ್ ಅನ್ನು ಸಂಕೀರ್ಣ ವರ್ಗದ ವಿಮಾನವೆಂದು ಪರಿಗಣಿಸಿತು. ಅಂಥ ವಿಮಾನಕ್ಕೆ ಹಾರುವ ಪರವಾನಗಿ ಸಿಗುವುದು, ಅದರ ವಿನ್ಯಾಸ ಬಲ್ಲ ಸಂಸ್ಥೆಗಳು ಬೆನ್ನಿಗೆ ನಿಂತು ಹೊಣೆ ಹೊತ್ತರೆ ಮಾತ್ರ. ಡಾ. ರಾಬರ್ಟ್ ಪ್ಲೆಮಿಂಗ್ ಅವರ ನೇತೃತ್ವದ ಟ್ರಸ್ಟ್ ವರ್ಷಗಟ್ಟಲೆ ಮಾತುಕತೆ ನಡೆಸಿ ಬಿಎಇ ಸಿಸ್ಟಮ್ಸ್, ರೋಲ್ಸ್ ರಾಯ್ಸ್, ಮಾರ್ಷಲ್ ಏರೋಸ್ಪೇಸ್ ಕಂಪನಿಗಳನ್ನು ಒಪ್ಪಿಸಿತು. ಪರಂಪರೆಯ ರಕ್ಷಣೆಗೆಂದು ಲಾಟರಿ ಹಣದಿಂದ ನೆರವು ಕೊಡುವ ನಿಧಿ 27 ಲಕ್ಷ ಪೌಂಡಿಗೂ ಹೆಚ್ಚು ಮಂಜೂರು ಮಾಡಿತು. ಅದೂ ಸಾಲಲಿಲ್ಲ. 2006ರ ಆಗಸ್ಟ್‌ನಲ್ಲಿ ಕೆಲಸವೇ ನಿಂತುಹೋಗುವ ಹಂತ ಬಂದಾಗ ಉದ್ಯಮಿ ಸರ್ ಜ್ಯಾಕ್ ಹೇವರ್ಡ್ ಐದು ಲಕ್ಷ ಪೌಂಡ್ ಕೊಟ್ಟು ಯೋಜನೆಯನ್ನು ಉಳಿಸಿದರು.

ಹ್ಯಾಂಗರ್‌ನೊಳಗಿನ ದುಡಿಮೆ 2005ರಲ್ಲಿ ಶುರುವಾಗಿತ್ತು. ಇಂಥ ಕೆಲಸದ ಮೊದಲ ಹಂತವೇ ಬಿಚ್ಚುವುದು. ಒಳಭಾಗ ಕಾಣುವಂತೆ ಮುಚ್ಚಳಗಳನ್ನು ತೆಗೆಯಬೇಕು. ನಿಯಂತ್ರಣ ಫಲಕಗಳು, ಪಂಪುಗಳು, ಚಕ್ರದ ಕಾಲುಗಳು ಒಂದೊಂದಾಗಿ ಹೊರಬರಬೇಕು. ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ಎಕ್ಸ್‌ರೇ, ಶ್ರವಣಾತೀತ ಧ್ವನಿ ಮತ್ತು ವಿದ್ಯುತ್ಕಾಂತೀಯ ಪರೀಕ್ಷೆಗಳಿವೆ. ರಿವೆಟ್‌ನ ತಲೆಯ ಅಡಿಯಿಂದ ಹೊರಟ ಕೂದಲೆಳೆಯಷ್ಟು ಬಿರುಕು ಕೂಡ ಹಾರಾಟದ ಒತ್ತಡಕ್ಕೆ ದಿನದಿನಕ್ಕೂ ಉದ್ದವಾಗಬಲ್ಲದು. ಕೊಳೆತ ರಬ್ಬರ್ ಸೀಲುಗಳನ್ನು ಬದಲಿಸಬೇಕು, ಹೊದಿಕೆ ಸಿಡಿದ ತಂತಿಗಳನ್ನು ಕಿತ್ತು ಹೊಸದನ್ನು ಎಳೆಯಬೇಕು. ಪ್ರತಿ ಭಾಗವೂ ಯಾವಾಗ ತಯಾರಾಯಿತು, ಎಷ್ಟು ಗಂಟೆ ದುಡಿಯಿತು, ಯಾರು ಪರೀಕ್ಷಿಸಿ ಸಹಿ ಹಾಕಿದರು ಎಂಬ ದಾಖಲೆ ಜೊತೆಗಿರಬೇಕು. ದಾಖಲೆ ಕಳೆದುಹೋದ ಭಾಗ ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಹಾರುವ ವಿಮಾನಕ್ಕೆ ಅದನ್ನು ಜೋಡಿಸುವಂತಿಲ್ಲ.

ಇಷ್ಟು ಎಚ್ಚರದ ನಡುವೆಯೂ 2012ರ ಮೇ ತಿಂಗಳಲ್ಲಿ, ಆಗ ವಲ್ಕನ್‌ನ ನೆಲೆಯಾಗಿದ್ದ ಡಾಂಕ್ಯಾಸ್ಟರ್ ವಿಮಾನ ನಿಲ್ದಾಣದಲ್ಲಿ ಅನಾಹುತವಾಯಿತು. ವಿಮಾನ ನಿಂತಿರುವಾಗ ಎಂಜಿನ್‌ನ ಗಾಳಿಬಾಯಿಯಲ್ಲಿ ತೇವ ಹೀರಿಕೊಳ್ಳಲೆಂದು ಸಿಲಿಕಾ ಜೆಲ್ ಚೀಲಗಳನ್ನು ಇಡುವುದುಂಟು. ಹೊಸ ಬೂಟು, ಕ್ಯಾಮೆರಾಗಳ ಡಬ್ಬಿಯಲ್ಲಿ ಸಿಗುತ್ತದಲ್ಲ, ಅದೇ ವಸ್ತು. ಆ ಚೀಲಗಳು ಒಳಗೇ ಉಳಿದಿದ್ದವು. ಎಂಜಿನ್ ಅವುಗಳನ್ನು ಒಳಗೆಳೆದುಕೊಂಡಿತು. ಎಡಬದಿಯ ಎರಡೂ ಎಂಜಿನ್‌ಗಳು ಕೆಟ್ಟುಹೋದವು. ಎಂಜಿನ್ನನ್ನು ಕಾಪಾಡಲು ಇಟ್ಟ ಚೀಲವೇ, ಮತ್ತೆ ತಯಾರಾಗದ ಎರಡು ಎಂಜಿನ್‌ಗಳನ್ನು ಬಲಿ ತೆಗೆದುಕೊಂಡಿತ್ತು. ಬಿಡಿ ಎಂಜಿನ್‌ಗಳು ಇದ್ದುದರಿಂದ ವಲ್ಕನ್ ಅದೇ ಬೇಸಿಗೆಯಲ್ಲಿ ಮತ್ತೆ ಹಾರಿತು. ಆದರೆ ದಾಸ್ತಾನು ಬರಿದಾಗುತ್ತ ಬಂದಿತ್ತು.

2015ರಲ್ಲಿ ಬೆಂಬಲಕ್ಕಿದ್ದ ಕಂಪನಿಗಳು ಹಿಂದೆ ಸರಿದವು. ವಲ್ಕನ್ ಕಾಲದ ತಂತ್ರಜ್ಞಾನ ಬಲ್ಲ ಎಂಜಿನಿಯರುಗಳು ನಿವೃತ್ತರಾಗುತ್ತಿದ್ದರು. ತಿಳಿದವರೇ ಇಲ್ಲದಾಗ ಹೊಣೆಯ ಸಹಿ ಹಾಕುವವರು ಯಾರು? ಆ ವರ್ಷದ ಅಕ್ಟೋಬರ್ 28ರಂದು ಎಕ್ಸ್‌ಎಚ್558 ಕೊನೆಯ ಬಾರಿ ಹಾರಿತು. ಮುಂದೆ ಡಾಂಕ್ಯಾಸ್ಟರ್‌ನಲ್ಲಿ ಹ್ಯಾಂಗರ್ ಕೈತಪ್ಪಿ ಅದು ಬಯಲಿನಲ್ಲಿ ನಿಲ್ಲಬೇಕಾಯಿತು. 2022ರಲ್ಲಿ ಆ ವಿಮಾನ ನಿಲ್ದಾಣವೇ ಮುಚ್ಚಿತು.

ಹಾರಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಳೆಯ ಹಾಕರ್ ಹಂಟರ್ ಜೆಟ್ ಹೆದ್ದಾರಿಯ ಮೇಲೆ ಬಿದ್ದು 11 ಜನ ಸತ್ತರು. ಆ ಬಳಿಕ ಬ್ರಿಟನ್ನಿನಲ್ಲಿ ಹಳೆಯ ಜೆಟ್‌ಗಳ ಪ್ರದರ್ಶನಕ್ಕೆ ನಿಯಮ ಬಿಗಿಯಾಯಿತು. ಅದು ಬಿಗಿಯಾಗಲೇಬೇಕಿತ್ತು.

ಲೋಹದ ಕಾಯಿಲೆ

ಹಾರದ ವಿಮಾನಕ್ಕೆ ಅಪಾಯವಿಲ್ಲ ಎಂದುಕೊಂಡರೆ ತಪ್ಪು. ಜೆಟ್‌ನ ಮೈ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹ. ಬಲ ಬರಲೆಂದು ಅದಕ್ಕೆ ತಾಮ್ರವನ್ನೋ ಸತುವನ್ನೋ ಬೆರೆಸಿರುತ್ತಾರೆ. ಶುದ್ಧ ಅಲ್ಯೂಮಿನಿಯಂಗೆ ಇರುವ ತಾಳಿಕೆ ಆ ಬೆರಕೆಯಿಂದ ಕಡಿಮೆಯಾಗುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ತಗಡಿಗೆ ತಾಗಿದ ಕಡೆ ನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ. ಅದರಲ್ಲಿ ಕರಗಿ ಹೋಗುವುದು ಅಲ್ಯೂಮಿನಿಯಂ. ಮ್ಯಾಗ್ನೀಸಿಯಂ ಮಿಶ್ರಲೋಹದ ಭಾಗಗಳಂತೂ ಇನ್ನೂ ಬೇಗ ನಶಿಸುತ್ತವೆ. ಒಂದು ಬಗೆಯ ಸವೆತದಲ್ಲಿ ದಪ್ಪ ಲೋಹದ ಪಟ್ಟಿ ಚಿರೋಟಿಯಂತೆ ಪದರು ಪದರಾಗಿ ಬಿಡಿಸಿಕೊಳ್ಳುತ್ತದೆ. ಹೊರಗಿನ ಬಣ್ಣ ತುಸು ಉಬ್ಬಿದಂತೆ ಕಾಣುತ್ತದೆ, ಅಷ್ಟೇ. ಬೆರಳಿನಿಂದ ಒತ್ತಿದರೆ ಒಳಗಿನಿಂದ ಬಿಳಿ ಪುಡಿ ಉದುರುತ್ತದೆ.

ಹಾಗಾಗಿ ರಸ್ತೆ ವೃತ್ತಗಳಲ್ಲಿ ಕಂಬದ ಮೇಲೆ ನಿಲ್ಲಿಸಿದ ವಿಮಾನಗಳದ್ದು ಕಷ್ಟದ ಬಾಳು. ಮಳೆ ನೀರು ಹೊರಹೋಗಲೆಂದು ಹೊಟ್ಟೆಯ ಕೆಳಗೆ ಇರುವ ಸಣ್ಣ ತೂತುಗಳು ಧೂಳು, ಎಲೆ, ಹಕ್ಕಿಗೂಡಿನ ಕಸದಿಂದ ಮುಚ್ಚಿಹೋಗುತ್ತವೆ. ನೀರು ಒಳಗೇ ನಿಲ್ಲುತ್ತದೆ. ಬಿಸಿಲಿಗೆ ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಮಂಜಾಗಿ ಸೀಳುತ್ತದೆ. ಯಾವುದಾದರೂ ಸಮಾರಂಭದ ಮುನ್ನಾದಿನ ಅದರ ಮೇಲೆ ಹೊಸ ಬಣ್ಣ ಬಳಿದರೆ ಕಾಯಿಲೆ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಹಳೆಯ ಬಣ್ಣದಡಿ ಸ್ಕ್ವಾಡ್ರನ್ನಿನ ಚಿಹ್ನೆ, ಸರಣಿ ಸಂಖ್ಯೆ ಅಡಗಿದ್ದರೆ ಅವೂ ಅಳಿದುಹೋಗುತ್ತವೆ. ಅನುಭವಿಗಳು ಹಳೆಯ ಬಣ್ಣವನ್ನು ಒಂದೊಂದೇ ಪದರವಾಗಿ ಉಜ್ಜಿ, ಪ್ರತಿ ಪದರದ ಫೋಟೋ ತೆಗೆದು, ಆಮೇಲಷ್ಟೇ ಹೊಸದನ್ನು ಯೋಚಿಸುತ್ತಾರೆ.

ಸಂಗ್ರಹಾಲಯಕ್ಕೆ ಬರುವ ಜೆಟ್ ಸಾಧು ಪ್ರಾಣಿಯೂ ಅಲ್ಲ. ಪೈಲಟ್ಟನ್ನು ಹೊರಗೆಸೆಯುವ ಆಸನದಲ್ಲಿ ಸ್ಫೋಟಕವಿರುತ್ತದೆ; ಅದನ್ನು ತೆಗೆದು ನಿರಪಾಯ ಮಾಡುವವರೆಗೆ ಕಾಕ್‌ಪಿಟ್ಟಿಗೆ ಯಾರೂ ಇಳಿಯಬಾರದು. ತೀರ ಹಳೆಯ ಮಾಪಕಗಳ ಮುಳ್ಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿರುವುದುಂಟು. ಕೆಲವು ಕಡೆ ಶಾಖ ತಡೆಯಲು ಕಲ್ನಾರು ಬಳಸಿರುತ್ತಾರೆ.

ಮುಟ್ಟದೆ ಉಳಿಸುವುದು

ಎಲ್ಲವನ್ನೂ ಹೊಸದರಂತೆ ಮಾಡುವುದೇ ಉಳಿಸುವುದಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಬಳಿ ಜರ್ಮನಿಯ ಹಾರ್ಟೆನ್ ಸಹೋದರರು ರೂಪಿಸಿದ, ಬಾಲವೇ ಇಲ್ಲದ ರೆಕ್ಕೆಯಾಕಾರದ ಜೆಟ್ ಇದೆ. 1945ರಲ್ಲಿ ಅಮೆರಿಕದ ಸೈನಿಕರ ಕೈಗೆ ಸಿಕ್ಕಿದ ಆ ಮೂರನೇ ಮಾದರಿ ಪೂರ್ತಿ ಸಿದ್ಧವಾಗಿರಲಿಲ್ಲ. ಅದರ ಮೈ ಬಹುಪಾಲು ಪ್ಲೈವುಡ್. ಜಗತ್ತಿನಲ್ಲಿ ಉಳಿದಿರುವ ಹಾರ್ಟೆನ್ ಜೆಟ್ ಅದೊಂದೇ. ದಶಕಗಳ ಕಾಲ ಸರಿಯಾದ ನೆಲೆಯಿಲ್ಲದೆ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡಿದ್ದವು. ಹೊಸ ಪ್ಲೈವುಡ್ ಹಾಕಿ ಮಿರಮಿರ ಮಿಂಚಿಸುವುದು ಸುಲಭವಿತ್ತು. ಸಂರಕ್ಷಕರು ಆ ದಾರಿ ಹಿಡಿಯಲಿಲ್ಲ. ಮೂಲ ಮರ, ಮೂಲ ಅಂಟು, ಮೂಲ ಬಣ್ಣವನ್ನು ಅಧ್ಯಯನ ಮಾಡಿ, ಬಿಟ್ಟ ಪದರಗಳು ಇನ್ನಷ್ಟು ಬಿಡದಂತೆ ಭದ್ರಪಡಿಸಿ, ಗಾಯಗಳ ಸಮೇತ ಪ್ರದರ್ಶನಕ್ಕಿಟ್ಟರು. ಯುದ್ಧದ ಕೊನೆಯ ದಿನಗಳಲ್ಲಿ ಒಂದು ದೇಶ ಯಾವ ಮರದಿಂದ, ಯಾವ ಅಂಟಿನಿಂದ ಜೆಟ್ ಕಟ್ಟಲು ಹೊರಟಿತ್ತೆಂಬುದಕ್ಕೆ ಆ ಸವೆದ ಪ್ಲೈವುಡ್ಡೇ ಸಾಕ್ಷಿ. ಅದನ್ನು ಕಿತ್ತೆಸೆದಿದ್ದರೆ ಸಾಕ್ಷಿಯೂ ಹೋಗುತ್ತಿತ್ತು.

ಬೆಂಗಳೂರಿನ ಮಾರುತ್

ಈ ಚರ್ಚೆ ಕರ್ನಾಟಕಕ್ಕೆ ದೂರದ್ದಲ್ಲ. ಭಾರತದಲ್ಲೇ ಅಭಿವೃದ್ಧಿಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್ ಹುಟ್ಟಿದ್ದು ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನಲ್ಲಿ. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದು, ಭಾರತೀಯ ಎಂಜಿನಿಯರುಗಳ ಜೊತೆಗೂಡಿ ಅದನ್ನು ರೂಪಿಸಿದರು. ಆಕಾರವನ್ನು ಪರೀಕ್ಷಿಸಲು ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ 1959ರಲ್ಲಿ ಹಾರಿಸಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಮೊದಲ ಮಾರುತ್ ಅನ್ನು ಆಕಾಶಕ್ಕೇರಿಸಿದರು. 1970ರ ಜನವರಿಯಲ್ಲಿ ಮಾರುತ್‌ನ ಸುಧಾರಿತ ಮಾದರಿಯ ಪರೀಕ್ಷೆಯಲ್ಲೇ ಅವರು ಪ್ರಾಣ ಕಳೆದುಕೊಂಡರು. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಗೆ ಅವರದೇ ಹೆಸರು.

ಶಬ್ದವೇಗದ ಎರಡು ಪಟ್ಟು ವೇಗದ ಗುರಿಯಿತ್ತು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಬೆಂಗಳೂರಿನಲ್ಲೇ ಪರವಾನಗಿ ಪಡೆದು ತಯಾರಿಸಿದ ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಮಾರುತ್ ತೃಪ್ತಿಪಟ್ಟಿತು. ಆದರೂ 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಗಟ್ಟಿಮುಟ್ಟಾಗಿ ದುಡಿದವು.

ಇಂದು ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತ್ ಇದೆ. ಎಚ್‌ಎಎಲ್ 2001ರಲ್ಲಿ ತೆರೆದ ತನ್ನ ಸಂಗ್ರಹಾಲಯದಲ್ಲೂ ಇದೆ. ಜರ್ಮನಿಯ ಡಾಯ್ಚಸ್ ಮ್ಯೂಸಿಯಂ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನಲ್ಲಿ ಇನ್ನೊಂದನ್ನು ಇಟ್ಟುಕೊಂಡಿದೆ. ಹುಟ್ಟೂರಿನಲ್ಲಿ ಉಳಿದವು ಮುಂಗಾರನ್ನೂ ಬಿಸಿಲನ್ನೂ ಮೈಮೇಲೆ ತಾಳುತ್ತ ನಿಂತಿವೆ. ಹೊರಗೆ ನಿಂತ ವಿಮಾನವನ್ನು ಶಾಲಾ ಮಕ್ಕಳು ಬಂದು ನೋಡುತ್ತಾರೆ, ರೆಕ್ಕೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಸಂತೋಷ ದೊಡ್ಡದು, ಅದು ತಪ್ಪಬಾರದು. ಆದರೆ ಕನಿಷ್ಠ ಒಂದು ಮಾರುತ್ ಆದರೂ ಅದು ಹುಟ್ಟಿದ ಊರಿನಲ್ಲಿ ಒಣ ಹ್ಯಾಂಗರಿನೊಳಗೆ, ಅದರ ಲಾಗ್‌ಬುಕ್, ನಕ್ಷೆ, ಉಪಕರಣಗಳ ಸಮೇತ ಉಳಿಯಬೇಕು.

ಇದಕ್ಕೆ ಈಗ ಹೊಸ ತುರ್ತೂ ಸೇರಿದೆ. 1963ರಿಂದ ಭಾರತೀಯ ವಾಯುಪಡೆಯಲ್ಲಿದ್ದ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಂಡವು. ಎಚ್‌ಎಎಲ್ ನಾಸಿಕ್‌ನಲ್ಲಿ ನೂರಾರು ಮಿಗ್-21 ತಯಾರಿಸಿತ್ತು. ಇನ್ನು ಸ್ಮಾರಕಕ್ಕೆ, ಕಾಲೇಜಿಗೆ, ವೃತ್ತಕ್ಕೆ ಎಂದು ಅವುಗಳಿಗೆ ಬೇಡಿಕೆ ಬರುವುದು ಸಹಜ. ವಿಮಾನ ಕೇಳುವವರಿಂದ ಮೊದಲೇ ಮಾತು ತೆಗೆದುಕೊಳ್ಳುವುದು ಒಳ್ಳೆಯದು: ನೀರು ಹೋಗುವ ತೂತುಗಳನ್ನು ಮಳೆಗಾಲಕ್ಕೆ ಮುಂಚೆ ಬಿಡಿಸುವವರು ಯಾರು, ಗಾಳಿಬಾಯಿಗೆ ಹಕ್ಕಿ ನುಗ್ಗದಂತೆ ಬಲೆ ಹಾಕುವವರು ಯಾರು, ಬಣ್ಣದ ಅಡಿಯ ಲೋಹವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವವರು ಯಾರು?

ಇನ್ನು ಮಾರುತ್ ವಿಷಯಕ್ಕೆ ಬಂದರೆ, ಅದರ ರಿವೆಟ್ ಹೊಡೆದವರು, ಆರ್ಫಿಯಸ್ ಬಿಚ್ಚಿ ಜೋಡಿಸಿದವರು ಇಂದು ಮುಪ್ಪಿನಲ್ಲಿದ್ದಾರೆ. ವಲ್ಕನ್‌ಗೆ ಕೊನೆಯಲ್ಲಿ ಕೊರತೆಯಾದದ್ದು ಇಂಥವರ ತಿಳಿವಳಿಕೆಯೇ. ಅವರನ್ನು ವಿಮಾನದ ಪಕ್ಕಕ್ಕೆ ಕರೆತಂದು, ಒಂದೊಂದು ಮುಚ್ಚಳ ತೆಗೆಸಿ, ಅವರ ವಿವರಣೆಯನ್ನು ಕ್ಯಾಮೆರಾದಲ್ಲಿ ದಾಖಲಿಸಬೇಕು. ಹ್ಯಾಂಗರ್ ಕಟ್ಟಲು ಹಣ, ಜಾಗ, ಅನುಮತಿ ಹೊಂದಿಸಲು ಸಮಯ ಹಿಡಿಯಬಹುದು. ಈ ದಾಖಲೆಯ ಕೆಲಸವನ್ನು ಬೆಂಗಳೂರಿನ ಸಂಗ್ರಹಾಲಯಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಕೂಡಿದರೆ ಮುಂದಿನ ಮುಂಗಾರಿಗೆ ಮುಂಚೆಯೇ ಶುರುಮಾಡಬಹುದು.