ಅರವತ್ತೈದು ತುಂಬಿದ ಸೈನಿಕನ ಚಿಕಿತ್ಸೆ ಯಾರ ಹೊಣೆ?

ಇಪ್ಪತ್ತು ವರ್ಷ ಸೇನೆಯಲ್ಲಿ ದುಡಿದರೆ ನಿಮಗೂ ನಿಮ್ಮ ಪತ್ನಿಗೂ ಜೀವನಪೂರ್ತಿ ಉಚಿತ ಚಿಕಿತ್ಸೆ. ಎರಡನೆಯ ಮಹಾಯುದ್ಧ ಹಾಗೂ ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದ ಸೇನಾಭರ್ತಿ ಅಧಿಕಾರಿಗಳು ಯುವಕರಿಗೆ ಕೊಟ್ಟ ಮಾತಿದು. ಆ ಯುವಕರು ಮುದುಕರಾಗುವ ಹೊತ್ತಿಗೆ ಆದದ್ದೇ ಬೇರೆ. 65 ತುಂಬುತ್ತಲೇ ಸೇನೆಯ ವಿಮೆ ಕೈಬಿಡುತ್ತಿತ್ತು. ಇನ್ನು ಮುಂದೆ ಎಲ್ಲ ಹಿರಿಯರಂತೆ ಇವರನ್ನೂ ಮೆಡಿಕೇರ್ ನೋಡಿಕೊಳ್ಳಲಿ ಎಂಬುದು ಸರಕಾರದ ನಿಲುವು. ಸೇನಾ ಆಸ್ಪತ್ರೆಗಳಲ್ಲಿ ಜಾಗ ಉಳಿದರೆ ಮಾತ್ರ ಇವರಿಗೆ ಪ್ರವೇಶ. 1990ರ ದಶಕದಲ್ಲಿ ಅನೇಕ ನೆಲೆಗಳು ಮುಚ್ಚಿದಾಗ ಎಷ್ಟೋ ಜನರಿಗೆ ಅದೂ ತಪ್ಪಿತು.

ವಿಯೆಟ್ನಾಂನಲ್ಲಿ ಯುದ್ಧಕೈದಿಯಾಗಿದ್ದ ಕರ್ನಲ್ ಬಡ್ ಡೇ ಈ ಹಿರಿಯರ ವಕೀಲರಾಗಿ ನ್ಯಾಯಾಲಯದ ಮೆಟ್ಟಿಲೇರಿದರು. 2002ರ ನವೆಂಬರ್‌ನಲ್ಲಿ ಬಂದ ತೀರ್ಪು ನೋಡಿ: ಮಾತು ಕೊಟ್ಟದ್ದು ಹೌದು, ಆದರೆ ಹಾಗೆ ಮಾತು ಕೊಡುವ ಅಧಿಕಾರ ಅವರಿಗಿರಲಿಲ್ಲ! ಕಾನೂನಿನ ಲೆಕ್ಕ ಸರಿಯಿರಬಹುದು. ನ್ಯಾಯವೆನಿಸುತ್ತದೆಯೇ, ನೀವೇ ಹೇಳಿ.

ಅದೃಷ್ಟವಶಾತ್ ಅಷ್ಟರಲ್ಲಿ ಅಮೆರಿಕದ ಸಂಸತ್ತು ಕಣ್ಣು ತೆರೆದಿತ್ತು. 2000ದಲ್ಲಿ ಅಂಗೀಕರಿಸಿದ ಕಾಯ್ದೆಯಂತೆ 2001ರ ಅಕ್ಟೋಬರ್ 1ರಿಂದ ‘ಟ್ರೈಕೇರ್ ಫಾರ್ ಲೈಫ್’ ಜಾರಿಗೆ ಬಂತು. ಆಸ್ಪತ್ರೆಯ ಬಿಲ್ಲಿನಲ್ಲಿ ಮೆಡಿಕೇರ್ ತನ್ನ ಪಾಲು ಕೊಟ್ಟ ಬಳಿಕ ಉಳಿದದ್ದನ್ನು ಹೆಚ್ಚಾಗಿ ಇದು ತುಂಬುತ್ತದೆ. ಔಷಧಿಗೂ ನೆರವಿದೆ. ಇದಕ್ಕೆಂದೇ ಪ್ರತ್ಯೇಕ ಕಂತು ಇಲ್ಲ.

ಆದರೆ ಒಂದು ಶರತ್ತಿದೆ, ಎಡವುವುದೂ ಅಲ್ಲಿಯೇ. ವೈದ್ಯರ ಶುಲ್ಕ ಭರಿಸುವ ಮೆಡಿಕೇರ್‌ನ ‘ಬಿ’ ಭಾಗಕ್ಕೆ ಸೇರಲೇಬೇಕು. ಅದರ ಕಂತು 2025ರಲ್ಲಿ ತಿಂಗಳಿಗೆ 185 ಡಾಲರ್. ದುಡ್ಡು ಉಳಿಯಿತೆಂದು ಇದನ್ನು ಬೇಡವೆಂದರೆ ಸೇನೆಯ ಸೌಲಭ್ಯವೂ ನಿಲ್ಲುತ್ತದೆ. ತಡವಾಗಿ ಸೇರುವವರಿಗೆ ಸಾಮಾನ್ಯವಾಗಿ ವಿಳಂಬದ ಪ್ರತಿ ಹನ್ನೆರಡು ತಿಂಗಳಿಗೆ ಶೇ. 10ರಷ್ಟು ದಂಡ, ಅದೂ ಕಂತು ಕಟ್ಟುವಷ್ಟು ಕಾಲವೂ. ಇನ್ನೂ ನೌಕರಿಯಲ್ಲಿದ್ದು ಕಂಪೆನಿಯ ವಿಮೆ ಇರುವವರಿಗೆ ದಂಡ ಬೀಳದಿರಬಹುದು. ಆದರೆ ‘ಬಿ’ ಭಾಗಕ್ಕೆ ಸೇರುವ ತನಕ ಟ್ರೈಕೇರ್ ಸಿಗದು. ಹುಟ್ಟಿದ ತಿಂಗಳು ಬರುವ ಮೊದಲೇ ಹೆಸರು ನೋಂದಾಯಿಸುವುದು ಜಾಣತನ.

ಪತ್ನಿಗೆ ಇನ್ನೂ 65 ಆಗಿಲ್ಲವೆಂದರೆ ಗಾಬರಿ ಬೇಡ. ಆಕೆಯ ಹಳೆಯ ಟ್ರೈಕೇರ್ ಯೋಜನೆ ಹಾಗೆಯೇ ಮುಂದುವರಿಯುತ್ತದೆ.

ಅಮೆರಿಕದ ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳುವ ಆಲೋಚನೆಯಲ್ಲಿರುವ ಬಂಧುಗಳು ನಿಮಗಿದ್ದರೆ ಇದನ್ನು ತಿಳಿಸಿ. ಭಾರತದ ಆಸ್ಪತ್ರೆಗಳ ಬಿಲ್ಲಿಗೆ ಮೆಡಿಕೇರ್ ಸಾಮಾನ್ಯವಾಗಿ ಕವಡೆಯನ್ನೂ ಕೊಡುವುದಿಲ್ಲ. ಇಲ್ಲಿ ಹಣ ಕೊಡುವುದು ಟ್ರೈಕೇರ್, ಅದೂ ಒಂದು ಪಾಲನ್ನು ರೋಗಿಯ ಮೇಲೆಯೇ ಬಿಟ್ಟು. ಹಾಗಿದ್ದರೂ ‘ಬಿ’ ಭಾಗದ ಕಂತನ್ನು ತಿಂಗಳು ತಿಂಗಳೂ ಕಟ್ಟುತ್ತಲೇ ಇರಬೇಕು.